ಎರಡನೇ ಬದಿ

ಗೋಡೆಗೂ ಕಿವಿಯುಂಟು ಅಂತಾರೆ.
ಹಲ್ ಊರಿನಲ್ಲಿ, ಹೆಸಲ್ ರಸ್ತೆಯ ಹಿಂದಿನ ಸಾಲುಮನೆಗಳಲ್ಲಿ
ನನಗೂ ಥ್ವೇಟರಿಗೂ ನಡುವಿದ್ದ ಗೋಡೆಗೆ
ಇದ್ದದ್ದು ಬಾಯಿ.
ತುತ್ತೂರಿಯನ್ನು ನುಂಗಿ, ಪಿಯಾನೊ ನುಂಗಿ,
ಸ್ಯಾಕ್ಸೊಫೋನಿನ ಅಷ್ಟುದ್ದದ ಅಹವಾಲನ್ನೂ ನುಂಗಿ
ನನ್ನ ಕಡೆಗೆ ಬಿಡುತ್ತಿದ್ದುದು ಡಬಲ್ ಬಾಸ್ ಒಂದನ್ನೇ:
ಧುಂ ಧುಂ ಧುಂ ಧುಂ,
ಮಹಡಿಯ ಮೇಲೆ ಬರಿಗಾಲಲ್ಲಿ ಯಾರೋ
ಇಟ್ಟದ್ದೆಲ್ಲೋ ಮರೆತು ಹುಡುಕುತ್ತ ನಡೆದ ಹಾಗೆ.

ಒಂಬತ್ತು ವರ್ಷ ನಾನು ಕೇಳಿದ ಜಾಝ್ ಇಷ್ಟೇ.

ಅವರ ಪದ್ಧತಿಗಳೆಲ್ಲ ನನಗೆ ಬಾಯಿಪಾಠ.
ಸಂಜೆ ಆರೂಕಾಲಿಗೆ ಮೊದಲ ಪ್ಲೇಟು,
ಯಾವಾಗಲೂ ಎರಡನೇ ಬದಿ ಮೊದಲು.
‘ಮೊದಲನೆಯದು ಅಂಗಡಿಯವನಿಗೆ,
ಎರಡನೆಯದು ತಮಗಾಗಿ ನುಡಿಸಿಕೊಂಡಿರ್ತಾರೆ’
ಅಂದಿದ್ದರು ಒಮ್ಮೆ, ಕಸದ ತೊಟ್ಟಿ ಹೊರಗೆಳೆಯುತ್ತ.
ಹಾಡುವವರು ಬೇಡ. ಮಾತು ಬಂದರೆ ಜಗಳ ಬಂತು.
ಚಪ್ಪಾಳೆಯಿದ್ದದ್ದೂ ಬೇಡ.
ಶುಕ್ರವಾರ ಮೀನು ತಿಂದ ಮೇಲೆ ನಿಧಾನದ್ದು.
ಹೆಂಡತಿ ಹೋದ ತಿಂಗಳು ಮಾತ್ರ
ಒಂದೇ ಪ್ಲೇಟು, ಕೊನೆ ಮುಟ್ಟುವ ಮೊದಲೇ ಸೂಜಿ ಎತ್ತಿ
ಮತ್ತೆ ಮೊದಲಿಂದ.
ಆ ಕೊನೆ ಹೇಗಿತ್ತೆಂದು ನನಗಿನ್ನೂ ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ನನ್ನ ಕೆಲಸ ಕಿವಿ ಅಳೆಯುವುದು.
ಗೂಡಿನಲ್ಲಿ ಕೂರಿಸಿ, ಕೀಂ ಅಂದಾಗ ಗುಂಡಿ ಒತ್ತಿ ಅನ್ನುವುದು.
ಮಾರ್ಚ್ ತಿಂಗಳಲ್ಲಿ ಬಂದು ಕೂತರು ಥ್ವೇಟ್,
ಟೋಪಿ ತೊಡೆಯ ಮೇಲೆ.
ಮೀನುಹಡಗಿನ ಎಂಜಿನ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ
ಐಸ್‌ಲ್ಯಾಂಡಿನ ತನಕ ಹೋಗಿ ಬಂದ ಕಿವಿ.
ನಕ್ಷೆಯ ಗೆರೆ ಎಡದಲ್ಲಿ ನೆಟ್ಟಗಿತ್ತು; ಬಲಕ್ಕೆ ಬರುತ್ತ
ಹಗ್ಗ ಕಳಚಿದ ಬಿಂದಿಗೆಯಂತೆ ಬಾವಿಗಿಳಿದಿತ್ತು.
ಹಕ್ಕಿಯಿಲ್ಲ. ಸ ಇಲ್ಲ, ಫ ಇಲ್ಲ, ಥ ಇಲ್ಲ,
ತನ್ನದೇ ಹೆಸರಿನ ಮೊದಲಕ್ಷರವಿಲ್ಲ.
ಡ್ರಮ್ಮಿನವನ ತಾಳದ ತಟ್ಟೆಯಂತೂ ಇಲ್ಲವೇ ಇಲ್ಲ.

ಗೋಡೆ ನನಗೆ ಮಾಡಿದ್ದನ್ನೇ
ಕಡಲು ಅವರಿಗೆ ಮಾಡಿತ್ತು.

ಕಿವುಡನ ಮುಂದೆ ಕಿನ್ನರಿ ಎಂದು ಗಾದೆ ಕಟ್ಟಿದವರಿಗೆ
ಕಿವುಡ ತಾನೇ ಹೋಗಿ ಕಿನ್ನರಿ ಕೊಳ್ಳುತ್ತಾನೆ,
ನಾನೂರು ಕೊಂಡು, ಧೂಳೊರೆಸಿ,
ಅಕಾರಾದಿಯಾಗಿ ಜೋಡಿಸುತ್ತಾನೆ ಎಂಬುದು
ತಿಳಿದಿರಲಿಲ್ಲ.

ಗೋಡಂಬಿಯಷ್ಟು ಯಂತ್ರ, ಎರಡೂ ಕಿವಿಗೆ ಕೂರಿಸಿ ಕಳಿಸಿದೆ.
ಮರುದಿನ ಬಾಗಿಲು ಬಡಿದರು. ಬಾ, ಬಾ,
ಚಪ್ಪಲಿ ಇರಲಿ, ಬಾ.
ಸೂಜಿ ಇಳಿಯಿತು. ತಂತಿಪೊರಕೆ ತಟ್ಟೆಯ ಮೇಲಾಡಿ
ಕಾದೆಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ.
‘ಇದು ಇಲ್ಲೇ ಇತ್ತೇ? ಇಷ್ಟು ದಿನ?
ಇದಕ್ಕೂ ಸೇರಿಸಿ ತಾನೇ ದುಡ್ಡು ಕೊಟ್ಟಿದ್ದೆ!’
ಕಣ್ಣು ಕೆಂಪಗಿತ್ತು. ನಾನು ತಲೆಯಾಡಿಸಿದೆ.

ನಿಜ ಹೇಳಲೇ? ನನಗದು ಮದುವೆಮನೆ ಅನ್ನಿಸಿತು,
ಎಲ್ಲರೂ ಒಟ್ಟಿಗೆ ಮಾತಾಡುವ ಊಟದ ಪಂಕ್ತಿ.
ನನ್ನ ಬರಿಗಾಲಿನವನು ಎಲ್ಲಿ?
ಇದ್ದ, ಮೂಲೆಯಲ್ಲಿ,
ಕೂರು ಎಂದು ಯಾರೂ ಹೇಳದ ನೆಂಟನಂತೆ.

ಅಂದಿನಿಂದ ಥ್ವೇಟರ ಗುಂಡಿ ಒಂಬತ್ತರಿಂದ ಮೂರಕ್ಕಿಳಿಯಿತು.
ಗೋಡೆ ಬಾಯಿ ಮುಚ್ಚಿತು.

ಆರೂಕಾಲಿಗೆ ಅನ್ನಕ್ಕಿಟ್ಟು ಗೋಡೆಗೆ ಕಿವಿ ಆನಿಸಿ ನೋಡಿದೆ.
ಬರೀ ಕುಕ್ಕರಿನ ಉಸಿರು.
ಹಳೆ ಸಾಮಾನಿನಂಗಡಿಯಿಂದ ಒಂದು ಪ್ಲೇಯರು,
ನಾಲ್ಕು ಪೌಂಡಿಗೊಂದು ಪ್ಲೇಟು ತಂದೆ.
ರಟ್ಟಿನ ಹಿಂಬದಿ, ಸಣ್ಣಕ್ಷರ, ಕಟ್ಟಕಡೆಗೆ
ಬಾಸಿನವನ ಹೆಸರು.
ಸ್ಪೀಕರಿಗೆ ರಜಾಯಿ ಹೊದಿಸಿದೆ. ಮೇಲೊಂದು ದಿಂಬು.
ಸಾಲಲಿಲ್ಲ. ಇನ್ನೊಂದು.
ಬಂತು, ಧುಂ ಧುಂ.

ಆಗ ಆಚೆಯಿಂದ ಬಡಿದರು, ಮೂರು ಸಲ.
ಸಾಲುಮನೆಗಳಲ್ಲಿ ಅದಕ್ಕಿರುವ ಅರ್ಥ ಒಂದೇ.
ಗುಂಡಿಗೆ ಕೈ ಹಾಕಿದ್ದೆ;
ಅಷ್ಟರಲ್ಲಿ ಬಾಗಿಲಿನ ಕಾಗದದ ಕಿಂಡಿಗೆ ಬಾಯಿಟ್ಟು
ಕೂಗುತ್ತಿದ್ದರು ಥ್ವೇಟ್:
‘ಎರಡನೇ ಬದಿ, ಹುಡುಗಿ! ಎರಡನೇ ಬದಿ ಮೊದಲು!’