ಎಷ್ಟು ದಿನ ತಾಳ್ತಾರೆ

"ಚೌಡಣ್ಣ, ಈ ಜೋಂಬಿ ಅಂತಾರಲ್ಲ,
ಸತ್ತೋರು ಎದ್ದು ನಡೀತಾರಲ್ಲ,
ನಿಜವಾಗ್ಲೂ ಎದ್ರೆ ಎಷ್ಟು ದಿನ ತಾಳ್ತಾರೆ?"
ಆಂಬುಲೆನ್ಸಿನ ತೌಫೀಕ್ ಕೇಳಿದ, ಮೊಬೈಲಿಂದ ಕಣ್ಣೆತ್ತದೆ.
ರಾತ್ರಿ ಎರಡೂವರೆ. ಶಿವಮೊಗ್ಗದ ದೊಡ್ಡಾಸ್ಪತ್ರೆ ಹಿಂಬದಿ.
ಫ್ರೀಜರಿನ ಮೋಟಾರು ಗೊರಕೆ ಹೊಡೆಯುತ್ತಿತ್ತು.

ಇಪ್ಪತ್ತಾರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.
ಡಾಕ್ಟರು ಕೇಳುವುದು ಗಂಟೆ, ಪೊಲೀಸರು ಕೇಳುವುದು ಹೆಸರು,
ಮನೆಯವರು ಕೇಳುವುದು ಒಂದೇ: ಯಾವಾಗ ಕೊಡ್ತೀರಿ.
ಬೀಡಿ ಆರಿಸಿ ಲೆಕ್ಕ ಹಾಕಿದೆ.

ಮೊದಲು, ಏಳೋಕೇ ಆಗಲ್ಲ ಮಾರಾಯ.
ಸತ್ತ ಮೂರು ಗಂಟೆಗೆ ದವಡೆ ಬಿಗಿಯುತ್ತೆ,
ಕಚ್ಚಬೇಕಾದ ಬಾಯಿಗೇ ಮೊದಲ ಬೀಗ.
ಹನ್ನೆರಡು ಗಂಟೆಗೆ ಇಡೀ ಆಳು ಬಾಗಿಲ ಹಲಗೆ.
ಆ ಬಿಗಿ ಬಿಡೋವರೆಗೆ ಒಂದೂವರೆ ದಿನ ಕಾಯಬೇಕು,
ಎದ್ದು ಕೂತಾಗ ಊರೆಲ್ಲ ತಿಂಡಿ ತಿಂದು ಕೆಲಸಕ್ಕೆ ಹೋಗಿರುತ್ತೆ.

ಅಷ್ಟರಲ್ಲಿ ನೊಣ ಬಂದಿರುತ್ತೆ.
ನೊಣಕ್ಕೆ ಪಂಚನಾಮೆ ಬೇಡ, ಸಹಿ ಬೇಡ.
ಕಣ್ಣಿನ ಮೂಲೆ, ಮೂಗು, ಗಾಯದ ಬಾಯಿ,
ಅಕ್ಕಿನುಚ್ಚಿನ ಹಾಗೆ ಮೊಟ್ಟೆ ಇಟ್ಟು ಹೋಗುತ್ತೆ.
ಏಪ್ರಿಲ್ಲಿನಲ್ಲಾದರೆ ಮಾರನೇ ದಿನಕ್ಕೇ ಹುಳ.
ಹೊಟ್ಟೆ ಉಬ್ಬಿ ಶರ್ಟಿನ ಗುಂಡಿ ಹಾರುತ್ತೆ.
ಆಮೇಲೆ ಕೈಯ ಚರ್ಮ ಕೈಗವಸಿನಂತೆ ಕಳಚಿ
ಹಿಡಿದವರ ಕೈಯಲ್ಲೇ ಉಳಿಯುತ್ತೆ.
ಅಂಥವನು ಯಾರನ್ನ ಹಿಡಿದಾನು?

"ತಲೆಗೇ ಗುಂಡು ಹೊಡೀಬೇಕಂತೆ, ಮಿದುಳಿಗೆ."
ಮಿದುಳು ಆಗಲೇ ರಾಗಿ ಅಂಬಲಿ ಕಣೋ.
ಗುಂಡು ಯಾಕೆ ದಂಡ?

"ಮಳೆಗಾಲದಲ್ಲಿ?" ಅಂದ, ಈಗ ಮೊಬೈಲು ಕೆಳಗಿಟ್ಟು.
ಮಳೆಗಾಲದಲ್ಲಿ ಇನ್ನೂ ಪಜೀತಿ.
ಹೊಳೆ ಬಸ್‌ಸ್ಟಾಪಿಂದ ತೀರ್ಥಹಳ್ಳಿ ದಾರಿ ಹಿಡಿದ ಅಂತಿಟ್ಕೊ,
ಗಾಜನೂರಿಗೆ ಒಂದು ಹಿಮ್ಮಡಿ ಬಿಟ್ಟಿರುತ್ತೆ,
ಸಕ್ರೆಬೈಲಲ್ಲಿ ಆನೆ ವಾಸನೆ ಹಿಡಿದು ಮುಖ ತಿರುಗಿಸುತ್ತೆ,
ಮಂಡಗದ್ದೆ ಮುಟ್ಟೋದರಲ್ಲಿ ಇರುವೆ, ಮುಂಗುಸಿ, ಕಾಡುಹಂದಿ
ಒಬ್ಬೊಬ್ಬರೂ ಪಾಲು ಕೇಳಿರ್ತಾರೆ.
ಉಂಬಳ ಮಾತ್ರ ಹತ್ತಲ್ಲ. ಅದಕ್ಕೆ ಬಿಸಿರಕ್ತ ಬೇಕು,
ಅದೊಂದೇ ನಮ್ಮ ಕಡೆ ಮರ್ಯಾದಸ್ಥ.

ನೀರಿಗೆ ಬಿದ್ದರೆ ಬೇರೆ ಲೆಕ್ಕ.
ತಣ್ಣನೆ ಮಡುವಿನ ಕೆಸರಲ್ಲಿ ಕೊಬ್ಬು ಸೋಪಾಗುತ್ತೆ,
ಬಿಳಿ ಬಾರ್ ಸೋಪು. ವರ್ಷಗಟ್ಟಲೆ ಹಾಗೇ ಇದ್ದದ್ದುಂಟು.
ಆದರೆ ಸೋಪು ನಡೆಯಲ್ಲ.

ಕೊನೆಗೆ ಉಳಿಯೋದು ಕೀಲು ಕಟ್ಟಿದ ಬಿಳಿ ಹುರಿ,
ಜಗ್ಗಲು ಮಾಂಸವಿಲ್ಲದ ಮೇಲೆ ಅದೂ
ಎತ್ತಿಲ್ಲದ ಗಾಡಿಯ ಹಗ್ಗ.
ಒಟ್ಟು, ಬೇಸಿಗೆಗೆ ಐದು ದಿನ, ಮಳೆಗೆ ಎಂಟು,
ಆಗುಂಬೆಯ ಡಿಸೆಂಬರಿಗೆ ದಾಕ್ಷಿಣ್ಯಕ್ಕೆ ಹದಿನೈದು ಅನ್ನು.
ಆಮೇಲೆ ನಿನ್ನ ಸಿನಿಮಾ ಬಂದ್.

ತೌಫೀಕ್ ನಕ್ಕ. ನಾನೂ.
ನಕ್ಕ ಮೇಲೆ ನೆನಪಾದದ್ದು ಅವನಿಗೆ ಹೇಳಲಿಲ್ಲ.

ಹೋದ ವರ್ಷ, ತುಂಗೆಯ ಸೇತುವೆ ಕಂಬಕ್ಕೆ ಸಿಕ್ಕಿಕೊಂಡಿದ್ದವನು.
ಮುಖ ಅಂತ ಇರಲಿಲ್ಲ. ಮೇಲುಚರ್ಮ ಸುಲಿದಿತ್ತು.
ಆದರೆ ಹಚ್ಚೆ ಕೂತಿರೋದು ಒಳಪದರದಲ್ಲಿ.
ತೊಳೆದಾಗ ಮುಂಗೈ ಮೇಲೆ ಹಸಿರು ಅಕ್ಷರ,
ಬದುಕಿದ್ದಾಗಿನದಕ್ಕಿಂತ ನಿಚ್ಚಳ:
ಗುತ್ಯಮ್ಮ.

ಆರನೇ ದಿನ ಸೊರಬದ ಕಡೆಯಿಂದ ಒಬ್ಬಳು ಬಂದಳು.
ಮೂಗಿಗೆ ಸೆರಗು ಒತ್ತಲಿಲ್ಲ.
"ನಂಗೆ ಓದಾಕೆ ಬರಲ್ಲ, ಏನ್ ಬರದೈತೆ ಹೇಳಿ."
ಹೇಳಿದೆ.
"ನನ್ನ ಹೆಸರು ಅಂದಿದ್ದ."
ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಹತ್ತಿತು.
ಹದಿನಾರು ವರ್ಷ ಆ ತೋಳ ಮೇಲೆ ತಲೆಯಿಟ್ಟು ಮಲಗಿದ್ದಳಂತೆ.
ಬೆರಳಿಂದ ಅಕ್ಷರಗಳ ಮೇಲೆ ಗೆರೆ ಎಳೆದಳು,
ಮುಟ್ಟಬೇಡಿ ಅನ್ನಬೇಕಿತ್ತು, ಅನ್ನಲಿಲ್ಲ.
"ಅವನೇ," ಅಂದಳು. "ಕೊಡಿ."
ರಿಜಿಸ್ಟರಿಗೆ ಹೆಬ್ಬೆಟ್ಟು ಒತ್ತಿ,
ಪಕ್ಕದಲ್ಲಿ ಹೂವಕ್ಕ ಎಂದು ಬರೆಸಿ
ನನ್ನಿಂದ ಒಮ್ಮೆ, ಕಾನ್‌ಸ್ಟೇಬಲ್ಲಿಂದ ಒಮ್ಮೆ
ಓದಿಸಿ ಕೇಳಿದಳು.

"ಹಂಗಾದ್ರೆ ಹೆಚ್ಚಂದ್ರೆ ಹದಿನೈದು ದಿನ?"
ಹೂಂ, ಅಂದೆ. ಕಾಲಲ್ಲಿ ನಡೆಯೋದಾದ್ರೆ.
ಆಯನೂರಿಂದ ಫೋನು ಬಂತು.
ಅವನು ಬಗ್ಗಿ ಚಪ್ಪಲಿ ಹುಡುಕಿದ.