ಸೊನ್ನಿ ಟಿಕೆಟ್

ಸಂಕೇಶ್ವರದ ಕಡೀ ಟ್ರಿಪ್ ಮುಗಿಸಿ
ಡಿಪೋದಾಗ ರೊಕ್ಕ ಕಟ್ಟಿ ಮನಿಗೆ ಬಂದ್ರ
ಸುನೇತ್ರಾ ಅಡಗಿಮನಿ ನೆಲದ ಮ್ಯಾಲ
ಮೂರು ವಿಶ್ವವಿದ್ಯಾಲಯ ಹರವಿಕೊಂಡು ಕುಂತಿದ್ದಳು.

ಪುಣೆದ್ದು: ಪರೀಕ್ಷಾ ಬರೀಬೇಕು,
ಬರಿಯಾಕ ಅರ್ಜಿ, ಅರ್ಜಿಗೆ ಫೀ.
ಹೈದರಾಬಾದಿಂದು: ಅರವತ್ತು ಪರ್ಸೆಂಟ್.
ಇಕಿದು ಐವತ್ತೊಂಬತ್ತೂವರಿ.
ಅರ್ಧಕ್ಕ ನಿಲ್ಲಸಾಂಗಿಲ್ಲೇನ ಅಂದೆ.
ಸ್ಟಾಪ್ ದಾಟಿದ ಮ್ಯಾಲ ಓಡಿ ಬಂದವರಿಗೆ
ಎಷ್ಟೋ ಸಲ ಸೀಟಿ ಹೊಡದು ನಿಲ್ಲಿಸೀನಿ ನಾ.

ಹಾಸ್ಟೆಲ್ ಡಿಪಾಜಿಟ್, ಲೈಬ್ರರಿ ಡಿಪಾಜಿಟ್,
‘ಹೊಳ್ಳಿ ಕೊಡತಾರವ್ವಾ’ ಅಂತಾಳ.
ಚಿಲ್ಲರಿ ಬಾಕಿ ಟಿಕೆಟ್ ಹಿಂದ ಬರದು ಕೊಡಾಕಿ ನಾನು;
ಎಷ್ಟು ಮಂದಿ ಮರತ ಇಳೀತಾರ, ನನಗ ಗೊತ್ತು.

ಮೂರನೇದು ಇಲ್ಲೇದು. ಸೋವಿ.
ಅದಕ್ಕ ಅದು ತಳಕ್ಕ ಬಿದ್ದೈತಿ.

ದಿನಾ ಮುಂಜಾನೆ ಕಾಕತಿ ದಾಟಿದ ಮ್ಯಾಲ ಒದರತೀನಿ,
‘ಯೂನಿವರ್ಸಿಟಿ ಗೇಟ್ ಯಾರ್ರೀ, ಮುಂದ ಬರ್ರಿ!’
ಹದಿನೈದಿಪ್ಪತ್ತು ಹುಡುಗ್ಯಾರು,
ಎಲ್ಲಾರ ಕೈಯಾಗೂ ನಾ ಹರದು ಕೊಟ್ಟ
ಸೊನ್ನಿ ರೂಪಾಯಿ ಟಿಕೆಟ್.
ಗೇಟಿನ ತನಕಾ ಸರಕಾರ ಒಯ್ದು ಬಿಡತೈತಿ.
ಗೇಟಿನಿಂದ ಒಳಗ ಎಷ್ಟು ಸ್ಟೇಜು, ಎಷ್ಟು ಚಾರ್ಜು,
ಹನ್ನೊಂದು ವರ್ಷದಾಗ ಒಮ್ಮಿನೂ
ಇಳದು ಕೇಳಿಲ್ಲ ನಾ.

ನಾಳಿ ನನ್ನ ವಾರದ ರಜಾ.
‘ಇಬ್ಬರೂ ಹೋಗಿ ಒಂದ್ ಮಾತು ಕೇಳಿ ಬರೂಣೇನ?’
ಹೂಂ ಅನಲಿಲ್ಲ, ಉಹೂಂ ಅನಲಿಲ್ಲ.
ಪುಣೆದ ಹಾಳಿ ಮಡಚಲೂ ಇಲ್ಲ,
ಫ್ಯಾನಿನ ಗಾಳಿಗೆ ಹಾರಬಾರದಂತ
ಅದರ ಮ್ಯಾಲ ಲಟ್ಟಣಿಗಿ ಇಟ್ಟಳು.