ಕೊಕ್ಕಿ ಬಾಯಿ ಕೆಳಗ

ನೆಲ ಸಪಾಟ ಐತಿ ಅಂತ ಕಣ್ಣು ಹೇಳತೈತಿ.
ಕಣ್ಣಿನ ಮಾತು ನಂಬಬ್ಯಾಡ ದಿಲ್ಶಾದ,
ಮಟ್ಟಗೋಲಿನ ಗುಳ್ಳಿ ಕೇಳು.
ರಿಬಂದರದ ಈ ಮುದಿ ಮನಿ
ಹೊಳಿ ಕಡೆ ಒಂದು ಬೆರಳು ವಾಲೇತಿ,
ತೊಳದ ನೀರು ತಾನ ಹರದು ಹೋಗ್ಲಿ ಅಂತ
ಯಾವ ಕಾಲದ ಗೌಂಡಿಯೋ ಬಿಟ್ಟ ಓಟ.
ನೀರಿಗೆ ಚಲೋ. ಗಾಲಿಗೆ ಅಲ್ಲ.
ಕಾಲಿನ ತಿರಪು ತಿರುವಿ ಎತ್ತು, ಇಳಿಸು,
ಗುಳ್ಳಿ ಎರಡು ಗೀಟಿನ ನಡುವ ಬಂದು ಕುಂತ ಮ್ಯಾಲೆ
ತಿರುಗಾ ಒಮ್ಮಿ ನೋಡು.
ರಟ್ಟು ಮಡಚಿ ಕಾಲಬುಡಕ ಇಡೋ ಮಂದಿ ಅದಾರ.
ಮಿರ್ಗದ ಮಳಿ ಬಂದ್ರ ರಟ್ಟು ರೊಟ್ಟಿ ಆಗತೈತಿ.

ಇದಕ್ಕ ರಿಫಾರ್ಮರ್ ಅಂತಾರ.
ಮೊದಲ ದಿನ ಕೇಳಿದ್ದೆ, ಯಾರನ್ನ ಸುಧಾರಸತೈತಿ ಇದು?
ಲೌರ್ಡಿನ್ ಬಾಯಿ ನಕ್ಕು, ಮೊದಲ ನಿನ್ನ, ಅಂದ್ಳು.
ಮಂಚದಂಥ ಚೌಕಟ್ಟು, ಮ್ಯಾಲೆ ಓಡೋ ಗಾಡಿ,
ಐದು ಸ್ಪ್ರಿಂಗು, ಎರಡು ಹಗ್ಗ.
ಹತ್ತೊಂಬತ್ತು ವರ್ಷ ಅದಿರಿನ ಬಾರ್ಜಿನ್ಯಾಗ ಫಿಟ್ಟರ್ ಇದ್ದಂವ ನಾ,
ಅಲ್ಲಿ ಹಗ್ಗ ಅಂದ್ರ ತೋಳಿನ ದಪ್ಪ.
ಗಣಿ ನಿಂತ್ವು, ಬಾರ್ಜು ನಿಂತ್ವು,
ನಾ ಇಲ್ಲಿ ಬಂದು ನಿಂತೆ.
ಉಪ್ಪುಗಾಳಿ ಒಂದು ಬೆನ್ನು ಬಿಡಲಿಲ್ಲ.

ಅದಕ್ಕ ಮುಂಜಾನೆ ಬಂದ ಕೂಡಲೆ ಸ್ಪ್ರಿಂಗ್ ನೋಡು.
ಟಾರ್ಚ್ ಹಿಡಿ. ಸುತ್ತು ಸುತ್ತಿಗೂ ಉಗುರು ಓಡಿಸು.
ಸುಮ್ಮನ ಬಿದ್ದಾಗ ಸುತ್ತಿನ ನಡುವ ಸಂದು ಕಂಡ್ರ,
ಉಗುರಿಗೆ ಏನರ ತೊಡಕಿದ್ರ
ತಗದು ಹೊರಗಿಡು. ಯಾರನ್ನೂ ಕೇಳಬ್ಯಾಡ.
ಇನ್ನೊಂದು ಸೀಸನ್ ನಡೀತೈತಿ ಬಿಡು ಅಂತ
ಮಾಲೀಕರು ಅಂದಾರು. ಅನ್ಲಿ.
ಕೊಕ್ಕಿ ಬಾಯಿ ಕೆಳಗ ಮಾಡಿ ಸಿಗಿಸು.
ಬಾಯಿ ಮ್ಯಾಲಿದ್ದದ್ದು ಎಂದರ ಒಂದಿನ ಹಾರತೈತಿ,
ಹಾರಿದ್ದು ಮಾರಿಗೇ ಬರತೈತಿ.

ಕೆಂಪು ಭಾರ. ನೀಲಿ ನಡುವಿಂದು. ಹಳದಿ ಹಗರ.
ಹಗರ ಅಂದ್ರ ಸಸಾರ ಅಂತ ತಿಳಿಬ್ಯಾಡ.
ಕೆಂಪು ಇದ್ದಾಗ ಗಾಡಿ ನಿನ್ನ ಹಿಡಕೊಂಡಿರತೈತಿ,
ಹಳದಿ ಒಂದ ಹಾಕಿ ನಿಂತಿ ಅಂದ್ರ
ಅಂಗಾಲಿನ ಬುಡಕ ಜಾರತೈತಿ, ಹಿಡದ ಮೀನ ಜಾರಿದಂಗ.
ಕಾಲಿನ ಪಟ್ಟಿ ಟಕ್ ಅಂತ ಕೂಡಬೇಕು. ಕೂತತೇನೋ ಅಂತ ಅಲ್ಲ,
ಟಕ್ ಅಂತ.
ಹಗ್ಗ ಎರಡೂ ಸಮ. ಹೆಗಲಿನ ದಿಂಬು ಅಲುಗಬಾರದು.
ಗಾಡಿ ಮನಿ ಮುಟ್ಟಿದ ಮ್ಯಾಲೆ ಇಳಸು,
ಅರ್ಧ ದಾರ್ಯಾಗ ಯಾರನ್ನೂ ಇಳಸಬ್ಯಾಡ.

ಇನ್ನೊಂದು ಐತಿ. ಯಾರಿಗೂ ಹೇಳಿಲ್ಲ.

ಎರಡು ವರ್ಷದ ಹಿಂದ, ಒಂದು ಶುಕ್ರವಾರ,
ಒರಸೋಣು ಅಂತ ಐದೂ ಸ್ಪ್ರಿಂಗ್ ಕಳಚಿಟ್ಟಿದ್ದೆ.
ಫೆರಿ ಧಕ್ಕಿ ಮ್ಯಾಲೆ ಬಿಸಿ ಪಾವು ಬಂದಿದ್ವು, ಸೈಕಲ್ ಹಾರ್ನ್ ಕೇಳಿಸ್ತು.
ಹೋದೆ.
ನಾಕು ಪಾವು, ಒಂದು ಚಾ, ಅಷ್ಟ.
ಪೆರ್ಪೇತು ಸಾಹೇಬ ಅವತ್ತ ಲಗೂನ ಬಂದಿದ್ದ,
ಕಸ್ಟಮ್ಸಿನ್ಯಾಗಿದ್ದ ಮನಿಷ್ಯಾ, ಗಡಿಯಾರಕ್ಕಿಂತ ಮುಂದ.
ದಿನಾ ಹತ್ತಿದಂಗ ಹತ್ತಿದ.
ಸ್ಪ್ರಿಂಗ್ ಇಲ್ಲದ ಗಾಡಿಗೆ ಯಜಮಾನ ಇರೂದಿಲ್ಲ.
ನಾ ಬಾಗಿಲದಾಗ ಇದ್ದೆ,
ಕೈಯಾಗ ಪಾವಿನ ಪೊಟ್ಣ,
ಮಣಿಕಟ್ಟು ಮುರದ ಸಪ್ಪಳ ಹಪ್ಪಳದಂಗ ಬಂತು.

ಗಡಿಬಿಡಿ ಮಾಡಿದ್ದು ನಾನ, ಅಂತ ಆತನ ಅಂದ.
ಬಾಯಿ ನಂಬಿದ್ಳು. ಮಾಲೀಕರು ನಂಬಿದ್ರು.
ಕಳಚಿಟ್ಟ ಐದು ಸ್ಪ್ರಿಂಗು ಗ್ವಾಡಿ ಬುಡಕ ಸಾಲಾಗಿ ಬಿದ್ದಿದ್ವು.
ಆತ ನೋಡಿದ್ನೋ ಇಲ್ಲೋ.

ಅವತ್ತಿಂದ ಒಂದೊಂದ ಕಳಚಿ ಒರಸ್ತೀನಿ,
ನಾಕು ಅಲ್ಲೇ ಇರತಾವ.
ಗಾಡಿ ಮ್ಯಾಲೆ ಕೆಂಪು ಅರಿವಿ ಹಾಸಿರತೀನಿ.
ಪಾವು ತರಾಕ ಹುಡುಗನ್ನ ಕಳಸ್ತೀನಿ.

ಮೂರು ತಿಂಗಳ ಮ್ಯಾಲೆ ಪೆರ್ಪೇತು ಸಾಹೇಬ ಬಂದ.
ಹತ್ತೋ ಮೊದಲ ಗಾಡಿ ಮ್ಯಾಲೆ ಕೈ ಇಟ್ಟು,
ನನ್ನ ಕಡೆ ನೋಡದನ,
ಯಮನೂರಪ್ಪ, ಕೊಕ್ಕಿ? ಅಂದ.
ಹಾಕೇನ್ರಿ, ಅಂದೆ.
ಅಲ್ಲಿಂದ ದಿನಾ ಕೇಳತಾನ, ದಿನಾ ಹೇಳತೀನಿ.
ನಮ್ಮಿಬ್ಬರ ನಡುವ ಬ್ಯಾರೆ ಮಾತ ಇಲ್ಲ.

ಏಳು, ಪಾದದ ಪಟ್ಟಿ ಒರಸು, ಎಣ್ಣಿ ಉಳದಿರಬಾರದು.
ಎಂಟಕ್ಕ ಬರತಾನ.
ಇವತ್ತ ನೀ ಹೇಳು.
ನೋಡಿ ಹೇಳು.